ಜಿಲೇಬಿಯ ಮನೆ

ಮಕ್ಕಳೇ, ಈ ವಾರ ನಿಮಗೊಂದು ಹಾವಿನ ಕಥೆ ಹೇಳುತ್ತೇನೆ. ಹೆದರಬೇಡಿ. ಹೆದರುವ ಕೆಲಸವನ್ನೆಲ್ಲ ನಿಮ್ಮ ಪರವಾಗಿ ನಾನೇ ಮಾಡಿ ಮುಗಿಸಿದ್ದೇನೆ.

ಮಾರ್ಚ್ ತಿಂಗಳ ಮೊದಲ ವಾರ ನಾನೂ ನಮ್ಮಾಕೆಯೂ ಮೈಸೂರಿನಿಂದ ಹೊರಟು ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಮಗಳ ಮನೆ ಸೇರಿದೆವು. ಹೊರಗೆ ಹಿಮ ಇನ್ನೂ ಕರಗಿರಲಿಲ್ಲ. ಬೂಟು ಬಿಚ್ಚುವುದಕ್ಕೂ ಬಿಡದೆ ಹನ್ನೊಂದು ವರ್ಷದ ಮೊಮ್ಮಗ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ, ಹಾಲ್‌ನಲ್ಲಿ ಟೀವಿಯ ಪಕ್ಕದಲ್ಲಿದ್ದ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದ. "ತಾತ, ಇದು ನನ್ನದು" ಅಂದ. ಒಳಗೆ ಒಂದೂವರೆ ಅಡಿ ಉದ್ದದ ಹಾವಿನ ಮರಿ! ಕಿತ್ತಳೆ ಬಣ್ಣದ ಮೈ, ಅದರ ಮೇಲೆ ಕೆಂಪು ಮಚ್ಚೆ. ಸುರುಳಿ ಸುತ್ತಿಕೊಂಡು ಮಲಗಿತ್ತು. ನಮ್ಮಾಕೆ ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯೋ ರಾಮ, ಥೇಟ್ ಜಿಲೇಬಿ ಥರಾ ಇದೆಯಲ್ಲೋ" ಅಂದಳು. ಅಲ್ಲಿಯವರೆಗೆ ಹೆಸರಿಲ್ಲದ ಹಾವಿಗೆ ಅಂದೇ ನಾಮಕರಣವಾಯಿತು.

ಈ ಜಾತಿಗೆ ಅಲ್ಲಿಯವರು ಕಾರ್ನ್ ಸ್ನೇಕ್ ಅನ್ನುತ್ತಾರೆ, ಅಂದರೆ ಜೋಳದ ಹಾವು. ಅಮೆರಿಕದ ಆಗ್ನೇಯ ಭಾಗ ಇದರ ತವರು. ಹೊಟ್ಟೆಯ ಮೇಲಿನ ಚೌಕಳಿ ಬಣ್ಣಬಣ್ಣದ ಮೆಕ್ಕೆಜೋಳದ ತೆನೆಯಂತೆ ಕಾಣುತ್ತದೆ ಎಂದು ಕೆಲವರು, ಜೋಳದ ಕಣಜಕ್ಕೆ ಇಲಿ ಹಿಡಿಯಲು ಬರುತ್ತಿತ್ತು ಎಂದು ಕೆಲವರು, ಹೆಸರಿಗೆ ಕಾರಣ ಕೊಡುತ್ತಾರೆ. ವಿಷವಿಲ್ಲ. ನಮ್ಮ ಕೇರೆಹಾವಿಗೆ ದೂರದ ದಾಯಾದಿ ಎನ್ನಬಹುದು. ಬೆಳೆದರೆ ಮೂರರಿಂದ ಐದು ಅಡಿ. ಚೆನ್ನಾಗಿ ನೋಡಿಕೊಂಡರೆ 15–20 ವರ್ಷ ಬದುಕುತ್ತದೆ. "ನೀನು ಇಂಜಿನಿಯರ್ ಆಗಿ ಕೆಲಸಕ್ಕೆ ಸೇರಿದಾಗಲೂ ಇದು ಇರುತ್ತೆ ಕಣೋ, ಗೊತ್ತಾ?" ಎಂದು ನಾನು ಕೇಳಿದ್ದಕ್ಕೆ ಅವನು, "ಗೊತ್ತು, ಅದಕ್ಕೇ ತಂದಿದ್ದು" ಅಂದ.

ಆದರೆ ಮನೆಯಲ್ಲಿ ಒಂದು ಗುಸುಗುಸು ಇತ್ತು. ಮನೆಗೆ ಬಂದ ಮೇಲೆ ಜಿಲೇಬಿ ಒಂದೇ ಸಲ ಊಟ ಮಾಡಿತ್ತು. ಮರಿಹಾವಿಗೆ ವಾರಕ್ಕೊಂದು ಪುಟ್ಟ ಇಲಿಮರಿ ಊಟ. ಜೀವಂತದ್ದಲ್ಲ, ಅಂಗಡಿಯಿಂದ ತಂದು ಮಂಜುಗಟ್ಟಿಸಿ ಇಟ್ಟದ್ದು. ಎರಡನೇ ವಾರ ಕೊಟ್ಟದ್ದನ್ನು ಅದು ಮೂಸಿಯೂ ನೋಡಿರಲಿಲ್ಲ. ನಾವು ಹೋದ ವಾರವೂ ಮುಟ್ಟಲಿಲ್ಲ. ರಾತ್ರಿಯೆಲ್ಲ ಪೆಟ್ಟಿಗೆಯ ಮೂಲೆಯಿಂದ ಮೂಲೆಗೆ ಓಡಾಡಿ, ಮೂತಿಯನ್ನು ಮುಚ್ಚಳದ ಜಾಲರಿಗೆ ತಿಕ್ಕುತ್ತಿತ್ತು. ಮೂತಿಯ ತುದಿ ಕೆಂಪಾಗಿತ್ತು. ಮಗಳು ಒಂದು ದಿನ ಖಡಾಖಂಡಿತ ಹೇಳಿಬಿಟ್ಟಳು: "ತಿಂಗಳ ಕೊನೆಯೊಳಗೆ ತಿನ್ನದಿದ್ದರೆ ಸಾಕಿದವರಿಗೆ ವಾಪಸ್ ಕೊಟ್ಟುಬಿಡೋಣ. ನಮ್ಮ ಕಣ್ಣೆದುರು ಒಂದು ಜೀವ ಸಾಯೋದು ಬೇಡ." ಹುಡುಗ ಎದುರು ಮಾತಾಡಲಿಲ್ಲ. ರಾತ್ರಿ ನಾನು ನೀರು ಕುಡಿಯಲು ಎದ್ದಾಗ ಪೆಟ್ಟಿಗೆಯ ಮುಂದೆ ಚಾಪೆ ಹಾಸಿಕೊಂಡು ಅಲ್ಲೇ ನಿದ್ದೆ ಹೋಗಿದ್ದ.

ಸರೀಸೃಪಗಳನ್ನು ನೋಡುವ ವೈದ್ಯೆಯ ಹತ್ತಿರ ಕರೆದುಕೊಂಡು ಹೋದೆವು. ಅಳಿಯಂದಿರು ಕಾರು ಓಡಿಸಿದರು, ಮೊಮ್ಮಗ ಬಟ್ಟೆಚೀಲದಲ್ಲಿ ಹಾವು ಹಿಡಿದಿದ್ದ, ನಾನು ಮುಂದಿನ ಸೀಟಿನಲ್ಲಿ ಸಾಧ್ಯವಾದಷ್ಟೂ ಮುಂದಕ್ಕೆ ಸರಿದು ಕೂತಿದ್ದೆ. ವೈದ್ಯೆ ಬಾಯಿ ನೋಡಿದರು, ಮೈಮೇಲೆ ಉಣ್ಣೆ ಇದೆಯೇ ಎಂದು ನೋಡಿದರು, ತೂಕ ಹಾಕಿದರು. 28 ಗ್ರಾಂ. ತಂದಾಗ 31 ಇತ್ತಂತೆ. "ರೋಗವೇನೂ ಕಾಣುತ್ತಿಲ್ಲ. ಮನೆ ಸರಿಯಿಲ್ಲ ಅನ್ನಿಸುತ್ತೆ" ಎಂದು ಪ್ರಶ್ನೆ ಕೇಳಲು ಶುರುಮಾಡಿದರು. ಪೆಟ್ಟಿಗೆ ಎಲ್ಲಿದೆ? ಅವಿತುಕೊಳ್ಳಲು ಎಷ್ಟು ಜಾಗ ಇದೆ? ದಿನಕ್ಕೆ ಎಷ್ಟು ಸಲ ಎತ್ತಿಕೊಳ್ಳುತ್ತೀರಿ? ಕೊನೆಗೆ, "ಯಾವುದರಿಂದ ತೊಳೆಯುತ್ತೀರಿ?"

ಮಕ್ಕಳೇ, ಇಲ್ಲಿ ನಿಮ್ಮ ತಾತ ತಲೆ ತಗ್ಗಿಸಬೇಕಾಯಿತು. ಹೋದ ಮೊದಲ ಭಾನುವಾರವೇ, ಮನೆಯವರೆಲ್ಲ ಅಂಗಡಿಗೆ ಹೋಗಿದ್ದಾಗ, ಮೊಮ್ಮಗನಿಗೆ ಸಹಾಯ ಮಾಡೋಣ ಎಂದು ನಾನು ಒಂದು ಘನಕಾರ್ಯ ಮಾಡಿದ್ದೆ. ಹಾವು ತನ್ನ ಗೂಡಿನೊಳಗೆ ಮಲಗಿದ್ದಾಗ ಗೂಡಿನ ಸಮೇತ ಅದನ್ನೊಂದು ಡಬ್ಬಿಗೆ ಇಳಿಸಿ, ಪೆಟ್ಟಿಗೆಯನ್ನು ನೆಲ ಒರೆಸುವ, ಪೈನ್ ಮರದ ವಾಸನೆಯ ದ್ರಾವಣದಿಂದ ಘಮಘಮ ಎನ್ನುವಂತೆ ಉಜ್ಜಿದ್ದೆ. ಹಳೆಯ ಹಾಸನ್ನೆಲ್ಲ ಕಸಕ್ಕೆ ಹಾಕಿದ್ದೆ. ನಮ್ಮ ಕಡೆ ಫಿನಾಯಿಲ್ ಹಾಕಿ ತೊಳೆದರೆ ತಾನೇ ತೊಳೆದ ಹಾಗೆ! ವೈದ್ಯೆ ಶಾಂತವಾಗಿ ಹೇಳಿದರು: "ಫಿನಾಯಿಲ್, ಪೈನ್ ಎಣ್ಣೆ ಇರುವ ದ್ರಾವಣಗಳು ಹಾವಿಗೆ ವಿಷ. ಅದೂ ಅಲ್ಲದೆ, ಹಾವು ನಾಲಿಗೆ ಚಾಚಿ ವಾಸನೆಯ ಕಣಗಳನ್ನು ಹಿಡಿದು, ಬಾಯಿಯ ಮೇಲ್ಛಾವಣಿಯಲ್ಲಿರುವ ಒಂದು ಅಂಗಕ್ಕೆ ಮುಟ್ಟಿಸಿ ಲೋಕವನ್ನು ಅರಿಯುತ್ತದೆ. ತನ್ನ ಮನೆಯ ವಾಸನೆಯೇ ಅಳಿಸಿಹೋದರೆ ಅದಕ್ಕೆ ತಾನು ಎಲ್ಲಿದ್ದೇನೆ ಎಂದೇ ತಿಳಿಯುವುದಿಲ್ಲ."

ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಮೊಮ್ಮಗನೇ ಹಿಂದಿನ ಸೀಟಿನಿಂದ, "ಪರವಾಗಿಲ್ಲ ತಾತ, ಅದು ಮೊದಲೇ ಊಟ ಬಿಟ್ಟಿತ್ತು" ಎಂದು ನನಗೆ ಸಮಾಧಾನ ಹೇಳಿದ.

ತಪ್ಪು ಎಂಟ್ರಿ ಮಾಡಿದವನೇ ತಿದ್ದಬೇಕು ಎಂಬುದು ಬ್ಯಾಂಕಿನ ಪಾಠ. ವೈದ್ಯೆ ಪೆಟ್ಟಿಗೆಯ ಉಷ್ಣತೆ ಬರೆದಿಡಲು ಹೇಳಿದ್ದರು. ಒಂದು ನೋಟ್‌ಬುಕ್ ತಂದು ಗೆರೆ ಎಳೆದೆ. ತಾರೀಖು, ಸಮಯ, ಬಿಸಿ ಮೂಲೆ, ತಣ್ಣಗಿನ ಮೂಲೆ, ಷರಾ. ಪೆಟ್ಟಿಗೆಯ ಗಾಜಿಗೆ ಮೇಲುಗಡೆ ಅಂಟಿಸಿದ್ದ ಗಡಿಯಾರದಂಥ ಉಷ್ಣಮಾಪಕ ಯಾವಾಗ ನೋಡಿದರೂ 27 ಡಿಗ್ರಿ ಅನ್ನುತ್ತಿತ್ತು. ನಂಬಲಿಲ್ಲ. ತಂತಿಯ ತುದಿಯಲ್ಲಿ ಅಳೆಯುವ ಡಿಜಿಟಲ್ ಮಾಪಕವೊಂದನ್ನು ತರಿಸಿ, ಹಾವು ಮಲಗುವ ನೆಲದ ಮೇಲೇ ಇಟ್ಟು, ಬೆಳಿಗ್ಗೆ 7, ಮಧ್ಯಾಹ್ನ 3, ರಾತ್ರಿ 9ಕ್ಕೆ ಬರೆದೆ. ಮೂರೇ ದಿನದಲ್ಲಿ ಲೆಕ್ಕ ಬಾಯಿಬಿಟ್ಟಿತು. ಬೆಳಿಗ್ಗೆ ಏಳಕ್ಕೆ 18 ಡಿಗ್ರಿ. ಮಧ್ಯಾಹ್ನ ಮೂರಕ್ಕೆ 36! ಶಾಖ ಕೊಡುವ ದೀಪ ರಾತ್ರಿ ತಾನಾಗಿ ಆರುತ್ತಿತ್ತು, ಮನೆಯ ಹೀಟರನ್ನೂ ಮಲಗುವಾಗ ತಗ್ಗಿಸುತ್ತಿದ್ದರು. ಮಧ್ಯಾಹ್ನ ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರ ಗಾಜಿನ ಮೇಲೆ. ಪಾಪದ ಪ್ರಾಣಿ ರಾತ್ರಿ ನಡುಗಿ, ಹಗಲು ಬೇಯುತ್ತಿತ್ತು. ಹಾವಿಗೆ ನಮ್ಮ ಹಾಗೆ ಮೈಯೊಳಗೇ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿ ಇಲ್ಲ. ಹೊರಗಿನ ಬಿಸಿ ಸಿಗದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ. ಅದಕ್ಕೇ ಅದು ತಿನ್ನುವ ಗೋಜಿಗೇ ಹೋಗಿರಲಿಲ್ಲ.

ಇನ್ನು ಷರಾ ಕಾಲಂನಲ್ಲಿ ಏನಿತ್ತು ಗೊತ್ತೇ? "ಸಂಜೆ 4: ನಾಲ್ವರು ಸ್ನೇಹಿತರು, ಎಲ್ಲರೂ ಎತ್ತಿಕೊಂಡರು." "ರಾತ್ರಿ 8: ಟೀವಿ ಜೋರು." "ಬೆಳಿಗ್ಗೆ 10: ನಮ್ಮಾಕೆ ಗಾಜು ತಟ್ಟಿ ಬದುಕಿದೆಯೇ ಎಂದು ನೋಡಿದಳು." ಹಾವಿಗೆ ಹೊರಕಿವಿ ಇಲ್ಲ, ನಿಜ. ಆದರೆ ನೆಲದ ಅದುರುವಿಕೆ ದವಡೆಯ ಮೂಲಕ ಒಳಕಿವಿಗೆ ತಲುಪುತ್ತದೆ. ಟೀವಿಯ ಧಡಬಡ ಅದಕ್ಕೆ ದಿನವೂ ಭೂಕಂಪ. ಕಣ್ಣಿಗೆ ರೆಪ್ಪೆಯೂ ಇಲ್ಲ, ಮುಚ್ಚಿಕೊಂಡು ಬೇಡವೆನ್ನಲು. ನಾನು ಕ್ಯಾಷ್ ಕೌಂಟರಿನ ಕಂಬಿಯ ಪಂಜರದಲ್ಲಿ ಕೂತು ನೋಟು ಎಣಿಸಿದವನು. ಹೊರಗೆ ಐವತ್ತು ಜನ ನನ್ನ ಬೆರಳನ್ನೇ ನೋಡುತ್ತ, ಕಟ್ಟೆ ತಟ್ಟುತ್ತ ನಿಂತಾಗ ಡಬ್ಬಿಯ ಚಿತ್ರಾನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಳಗಿನ ಚಿಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಮಾತ್ರ ಹಸಿವಾಗುತ್ತಿತ್ತು. ಜಿಲೇಬಿಗೆ ಆ ಒಳಕೋಣೆಯೇ ಸರಿಯಾಗಿ ಇರಲಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ ಗೂಡು, ಅದೂ ಬಿಸಿ ಮೂಲೆಯಲ್ಲಿ. ತಣ್ಣಗಾಗಬೇಕೆಂದರೆ ಬಯಲಿಗೆ ಬರಬೇಕು, ಅವಿತುಕೊಳ್ಳಬೇಕೆಂದರೆ ಬೇಯಬೇಕು.

ಮಾರನೆಯ ದಿನವೇ ತಾತ-ಮೊಮ್ಮಗ ಕೆಲಸಕ್ಕೆ ಇಳಿದೆವು.

ಮೊದಲು ಜಾಗ ಬದಲಿಸಿದೆವು. ಪೆಟ್ಟಿಗೆ ಹಾಲ್‌ನಿಂದ ಮೊಮ್ಮಗನ ಕೋಣೆಗೆ ಹೋಯಿತು. ಬಿಸಿಲು ಬೀಳದ ಒಳಗೋಡೆ, ಅಲುಗಾಡದ ಮೇಜು. ಮೂರು ಬದಿಯ ಗಾಜಿಗೆ ಹೊರಗಿನಿಂದ ಕಂದು ಕಾಗದ ಅಂಟಿಸಿದೆವು. ನಾಲ್ಕೂ ದಿಕ್ಕಿನಿಂದ ನೋಟ ಬೀಳುವುದು ತಪ್ಪಿತು.

ಆಮೇಲೆ ಶಾಖ. ಪೆಟ್ಟಿಗೆಯ ಅಡಿಯಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ ಬಿಸಿ ಚಾಪೆ ಹಾಕಿ, ಅದಕ್ಕೆ ಥರ್ಮೋಸ್ಟಾಟ್ ಜೋಡಿಸಿದೆವು. ಥರ್ಮೋಸ್ಟಾಟ್ ಇಲ್ಲದ ಬಿಸಿ ಚಾಪೆ ಹಾವಿನ ಹೊಟ್ಟೆ ಸುಟ್ಟುಬಿಡುತ್ತದೆ ಎಂದು ವೈದ್ಯೆ ಎಚ್ಚರಿಸಿದ್ದರು. ಬಿಸಿ ಮೂಲೆ 30 ಡಿಗ್ರಿಯ ಆಸುಪಾಸು, ತಣ್ಣಗಿನ ಮೂಲೆ 23–24. ಎಲ್ಲ ಕಡೆಯೂ ಒಂದೇ ಬಿಸಿ ಇರಬಾರದು. ಚಳಿಯಾದರೆ ಈ ಕಡೆ, ಸೆಕೆಯಾದರೆ ಆ ಕಡೆ ಹೋಗುವುದನ್ನು ಹಾವೇ ತೀರ್ಮಾನಿಸಬೇಕು.

ಗೂಡುಗಳು ಎರಡಾದವು, ಎರಡೂ ಮೂಲೆಗೆ ಒಂದೊಂದು. ದುಡ್ಡು ಖರ್ಚಿಲ್ಲ. ಒಂದು, ಬಾಯಿ ಒಂದು ಕಡೆ ಒಡೆದಿದ್ದ ಮಣ್ಣಿನ ಹೂಕುಂಡ ಬೋರಲು ಹಾಕಿದ್ದು. ಒಡೆದ ಅಂಚನ್ನು ಉಪ್ಪುಕಾಗದದಿಂದ ನಾನೇ ತಿಕ್ಕಿ ನುಣುಪು ಮಾಡಿದೆ. ಇನ್ನೊಂದು, ಓಟ್ಸ್ ಡಬ್ಬಿ ಕತ್ತರಿಸಿದ್ದು. ಗೂಡು ವಿಶಾಲವಾಗಿರಬಾರದು ಎಂಬುದು ನನಗೆ ಹೊಸ ವಿಷಯ. ಸುರುಳಿ ಸುತ್ತಿದಾಗ ಮೈ ಗೋಡೆಗಳಿಗೆ ತಾಗುವಷ್ಟು ಇಕ್ಕಟ್ಟಾಗಿದ್ದರೇನೇ ಅದಕ್ಕೆ ಧೈರ್ಯ. ನಡುವಿನ ಬಯಲಿನಲ್ಲಿ ರಟ್ಟಿನ ಕೊಳವೆ, ಪ್ಲಾಸ್ಟಿಕ್ ಎಲೆಬಳ್ಳಿ ಹರಡಿದೆವು. ಒಂದು ಗೂಡಿನಿಂದ ಇನ್ನೊಂದಕ್ಕೆ ಯಾರ ಕಣ್ಣಿಗೂ ಬೀಳದೆ ಹೋಗಬಹುದು.

ನೆಲಕ್ಕೆ ಮೊದಲು ಕೆಲವು ದಿನ ಬರೀ ಕಾಗದದ ಟವೆಲ್. ಹಿಕ್ಕೆ ಹಾಕಿದರೆ, ಉಣ್ಣೆ ಇದ್ದರೆ ಬಿಳಿಯ ಮೇಲೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಆಸ್ಪೆನ್ ಮರದ ಹೊಟ್ಟು, ಬಡಗಿ ಕೀಸುಳಿ ಹೊಡೆದಾಗ ಉದುರುವ ಸುರುಳಿಯಂಥದ್ದು. ಜಿಲೇಬಿ ಅದರೊಳಗೆ ಸುರಂಗ ತೋಡುತ್ತದೆ. ಸೀಡರ್ ಮರದ ಹೊಟ್ಟು ಮಾತ್ರ ಖಂಡಿತ ಬೇಡ. ಘಮಘಮ ಎನ್ನುವ ಅದರ ಎಣ್ಣೆಯೂ ಹಾವಿಗೆ ಕೆಡುಕು. ತಣ್ಣಗಿನ ಕಡೆ, ಉರುಳಿ ಬೀಳದಂಥ ಭಾರದ ನೀರಿನ ಬೋಗುಣಿ. ಮುಚ್ಚಳಕ್ಕೆ ನಾಲ್ಕೂ ಕಡೆ ಕ್ಲಿಪ್ಪು. ತಲೆ ತೂರಿದ ಸಂದಿಯಲ್ಲಿ ಮೈಯೆಲ್ಲ ತೂರಿಸುವ ವಿದ್ಯೆ ಹಾವಿಗೆ ಹುಟ್ಟಿನಿಂದಲೇ ಬಂದದ್ದು. ಈ ಕ್ಲಿಪ್ಪುಗಳನ್ನು ಪ್ರತಿ ರಾತ್ರಿ ಮಲಗುವ ಮುಂಚೆ ನಾನು ಖುದ್ದಾಗಿ ಎಣಿಸುತ್ತಿದ್ದೆ ಎಂದು ಬೇರೆ ಹೇಳಬೇಕಿಲ್ಲ.

ಸ್ವಚ್ಛತೆಯ ವಿಷಯದಲ್ಲಿ ನಾನು ಕಲಿತದ್ದು ಇದು: ಕೊಳೆ ಇರಬಾರದು, ಆದರೆ ಮನೆ ಅಪರಿಚಿತವೂ ಆಗಬಾರದು. ಹಿಕ್ಕೆ ಕಂಡ ತಕ್ಷಣ ಅದನ್ನೂ ಸುತ್ತಲಿನ ಹೊಟ್ಟನ್ನೂ ತೆಗೆಯುವುದು. ನೀರು ದಿನವೂ ಹೊಸದು; ಬೋಗುಣಿಗೆ ಬಿಸಿನೀರು, ಸೋಪು. ಪೂರ್ತಿ ತೊಳೆಯುವುದು ತಿಂಗಳಿಗೆ ಒಂದು ಸಲ ಸಾಕು. ಆಗ ಸರೀಸೃಪಗಳಿಗೆಂದೇ ಸಿಗುವ ದ್ರಾವಣ ಬಳಸಿ, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿಸಿ, ಕೊನೆಯಲ್ಲಿ ಹಳೆಯ ಹೊಟ್ಟಿನಲ್ಲಿ ಒಣಗಿದ, ಕೊಳೆಯಿಲ್ಲದ ಒಂದು ಹಿಡಿ ತೆಗೆದಿಟ್ಟದ್ದನ್ನು ಹೊಸದರ ಜತೆ ಬೆರೆಸಬೇಕು. ಹೆಪ್ಪು ಹಾಕಿದ ಹಾಗೆ! ಹಾವು ಒಳಗೆ ಬಂದು ನಾಲಿಗೆ ಚಾಚಿದಾಗ, ಇದು ನನ್ನದೇ ಮನೆ ಎಂದು ತಿಳಿಯುತ್ತದೆ.

ಪೆಟ್ಟಿಗೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಕಡ್ಡಾಯ. ಆರೋಗ್ಯವಾಗಿರುವ ಹಾವಿನ ಮೈಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೂ, ನನ್ನಂತೆ 65 ದಾಟಿದವರಿಗೂ ಅದು ಹೆಚ್ಚು ಅಪಾಯ. ಬೋಗುಣಿಯನ್ನು ಅಡುಗೆಮನೆಯ ಸಿಂಕಿಗೆ ತರುವಂತಿಲ್ಲ. ನಮ್ಮಾಕೆ ಇನ್ನೂ ಒಂದು ಕಾನೂನು ಸೇರಿಸಿದಳು. ಅಲ್ಲಿಯವರೆಗೆ ಇಲಿಮರಿಗಳ ಪೊಟ್ಟಣ ಫ್ರೀಜರಿನಲ್ಲಿ ಹಿತಕಿದ ಅವರೆಬೇಳೆಯ ಪಕ್ಕದಲ್ಲಿತ್ತು. ಅದನ್ನು ಕಂಡ ದಿನ ಅವಳು ಊಟ ಮಾಡಿರಲಿಲ್ಲ. ಅಳಿಯಂದಿರು ಗ್ಯಾರೇಜಿನಲ್ಲಿ ಬೇರೆಯೇ ಪುಟ್ಟ ಫ್ರೀಜರ್ ಇಟ್ಟರು. ಮನೆಯಲ್ಲಿ ಶಾಂತಿ ನೆಲೆಸಿತು.

ಎಲ್ಲಕ್ಕಿಂತ ಕಷ್ಟದ ಕೆಲಸ ಕೊನೆಯದು. ಒಂದು ವಾರ ಯಾರೂ ಎತ್ತಿಕೊಳ್ಳುವಂತಿಲ್ಲ, ಗಾಜು ತಟ್ಟುವಂತಿಲ್ಲ. ಹುಡುಗ ದಿನಕ್ಕೆ ಹತ್ತು ಸಲ ಕೋಣೆಯ ಬಾಗಿಲಲ್ಲಿ ನಿಂತು, ಕೈಗಳನ್ನು ಜೇಬಿನೊಳಗೆ ಇಟ್ಟುಕೊಂಡು ನೋಡಿ ಹೋಗುತ್ತಿದ್ದ. ಸ್ನೇಹಿತರು ಬಂದಾಗ ತಾನೇ ಅಡ್ಡ ನಿಂತು, "ಈಗ ಬೇಡ" ಅಂದ. ಹನ್ನೊಂದು ವರ್ಷದವನಿಗೆ ಅದು ಸುಲಭವಲ್ಲ. ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆ 30–23, ಮಧ್ಯಾಹ್ನ 30–24, ರಾತ್ರಿ 30–23. ಷರಾ: ಏನೂ ಇಲ್ಲ. ಮೂರನೇ ರಾತ್ರಿಗೆ ಮೂತಿ ತಿಕ್ಕುವುದು ನಿಂತಿತು.

ಎಂಟನೆಯ ದಿನ ಸಂಜೆ ಇಲಿಮರಿಯನ್ನು ಬಿಸಿನೀರಿನಲ್ಲಿ ಮಂಜು ಬಿಡಿಸಿ, ಒರೆಸಿ, ಮೊಮ್ಮಗ ಉದ್ದ ಚಿಮಟದಲ್ಲಿ ಹಿಡಿದು ಗೂಡಿನ ಬಾಯಿಯ ಹತ್ತಿರ ಇಟ್ಟ. ದೀಪ ಆರಿಸಿ ಬಾಗಿಲು ಎಳೆದುಕೊಂಡು ಬಂದ. ಅಂದು ರಾತ್ರಿ ಮಾರ್ಚ್ 28. ಯಾರೂ ಆ ಮಾತು ಎತ್ತಲಿಲ್ಲ, ಆದರೆ ಮಗಳೂ ಕ್ಯಾಲೆಂಡರಿನ ಕಡೆ ನೋಡಿದ್ದನ್ನು ನಾನು ಕಂಡೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವಳು ನಮ್ಮಾಕೆ. ಇಲಿಯ ಹೆಸರು ಕೇಳಿದರೆ ಮೂಗು ಮುಚ್ಚಿಕೊಳ್ಳುವವಳು ಮೊಮ್ಮಗನ ಕೋಣೆಯ ಬಾಗಿಲಲ್ಲಿ ನಿಂತು, "ತಿಂತೇನೋ?" ಎಂದು ಪಿಸುಗುಟ್ಟಿದಳು. ಅವನು ಟಾರ್ಚು ಹಿಡಿದು ಬಗ್ಗಿ ನೋಡಿದ. ಇಲಿಮರಿ ಇರಲಿಲ್ಲ. ಓಟ್ಸ್ ಡಬ್ಬಿಯೊಳಗೆ, ಬಿಸಿ ಮೂಲೆಯಲ್ಲಿ, ನಡುಹೊಟ್ಟೆ ಚಿಕ್ಕ ಗಂಟಿನಂತೆ ಉಬ್ಬಿಸಿಕೊಂಡು ಜಿಲೇಬಿ ಮಲಗಿತ್ತು. ಹುಡುಗ ಕಿರುಚಲಿಲ್ಲ, ಕುಣಿಯಲಿಲ್ಲ. ಅದಕ್ಕೆ ತೊಂದರೆಯಾಗುತ್ತದೆ ಎಂದು ಹೊರಗೆ ಓಡಿಬಂದು ಹಾಲ್‌ನಲ್ಲಿ ಕುಣಿದ. ತಿಂದ ಮೇಲೆ 48 ಗಂಟೆ ಎತ್ತಿಕೊಳ್ಳಬಾರದು ಎಂಬುದನ್ನು ತಾನೇ ಚೀಟಿ ಬರೆದು ಬಾಗಿಲಿಗೆ ಅಂಟಿಸಿದ.

ಏಪ್ರಿಲ್‌ನಲ್ಲಿ ಜಿಲೇಬಿಯ ಕಣ್ಣು ಹಾಲು ಬೆರೆಸಿದ ನೀಲಿಯಾಯಿತು, ಬಣ್ಣ ಮಂಕಾಯಿತು. ನನಗೆ ಮತ್ತೆ ಗಾಬರಿ. ಮೊಮ್ಮಗ ನಕ್ಕು, "ಪೊರೆ ಬಿಡುತ್ತೆ ತಾತ" ಅಂದ. ಒದ್ದೆ ಪಾಚಿ ತುಂಬಿದ ಪುಟ್ಟ ಡಬ್ಬಿಯೊಂದನ್ನು ಒಳಗಿಟ್ಟೆವು. ತೇವ ಸಾಲದಿದ್ದರೆ ಪೊರೆ ತುಂಡುತುಂಡಾಗಿ ಅಂಟಿಕೊಂಡು ತೊಂದರೆ ಕೊಡುತ್ತದೆ. ಒಂದು ಬೆಳಿಗ್ಗೆ ಕಾಲುಚೀಲ ಒಳಹೊರಗು ಮಾಡಿ ಕಳಚಿದಂತೆ ಮೂತಿಯಿಂದ ಬಾಲದ ತುದಿಯವರೆಗೆ ಇಡೀ ಪೊರೆ ಸಿಕ್ಕಿತು. ಕಣ್ಣಿನ ಮೇಲಿನ ಗಾಜಿನಂಥ ಎರಡು ಬಿಲ್ಲೆಗಳೂ ಅದರಲ್ಲೇ ಇದ್ದವು. ಮನೆ ಸರಿಯಾಗಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ರಸೀದಿ ಇಲ್ಲ.

ಈಗ ನಿಮಗೆ ಒಂದು ಮಾತು. ಇದನ್ನು ಓದಿ ಯಾರೂ ಹಿತ್ತಲಿನ ಹಾವಿಗೆ ಪೆಟ್ಟಿಗೆ ಹುಡುಕಬೇಡಿ. ಜಿಲೇಬಿ ಹುಟ್ಟಿದ್ದೇ ಸಾಕಿದವರ ಮನೆಯಲ್ಲಿ. ನಮ್ಮ ನಾಗರಹಾವು, ಕೇರೆಹಾವು, ಹೆಬ್ಬಾವುಗಳಿಗೆ ಕಾಡು, ಹೊಲ, ಬೇಲಿಯೇ ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವನ್ನು ಹಿಡಿಯುವುದೂ ಸಾಕುವುದೂ ಕೊಲ್ಲುವುದೂ ಅಪರಾಧ. ಹೊರದೇಶದ ಎಷ್ಟೋ ಪ್ರಾಣಿಗಳನ್ನು ಸಾಕುವುದಕ್ಕೂ ನಮ್ಮಲ್ಲಿ ನೋಂದಣಿ ಬೇಕು. ಮನೆಗೆ ಹಾವು ಬಂದರೆ ದೂರ ನಿಂತು, ಅದರ ಮೇಲೆ ಕಣ್ಣಿಟ್ಟು, ದೊಡ್ಡವರಿಂದ ಅರಣ್ಯ ಇಲಾಖೆಗೋ ತರಬೇತಿ ಪಡೆದ ಹಾವು ರಕ್ಷಕರಿಗೋ ಫೋನ್ ಮಾಡಿಸಿ. ನಾಗರಪಂಚಮಿಯಲ್ಲಿ ಹುತ್ತಕ್ಕೆ ಕೈಮುಗಿಯೋಣ, ತಪ್ಪಿಲ್ಲ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಅದು ಅದರ ಹೊಟ್ಟೆಗೆ ಆಗುವುದಿಲ್ಲ.

ಆದರೆ ನಿಮ್ಮ ಮನೆಯಲ್ಲಿ ನಾಯಿ, ಬೆಕ್ಕು, ಮೀನು ಯಾವುದೇ ಇರಲಿ, ಒಂದು ನೋಟ್‌ಬುಕ್ ಇಡಿ. ಅದಕ್ಕೆ ಅವಿತುಕೊಳ್ಳುವ ಜಾಗ ಇದೆಯೇ? ಬಿಸಿಲು-ನೆರಳು ಎರಡೂ ಸಿಗುತ್ತದೆಯೇ? ನೀರು ಹೊಸದೇ? ಇವತ್ತು ಎಷ್ಟು ಹೊತ್ತು ಅದನ್ನು ಅದರ ಪಾಡಿಗೆ ಬಿಟ್ಟಿದ್ದೆವು? ಒಂದು ವಾರ ಬರೆದು ನೋಡಿ. ಅದು ಬಾಯಿಬಿಟ್ಟು ಹೇಳಲಾರದ್ದನ್ನು ನಿಮ್ಮ ಷರಾ ಕಾಲಂ ಹೇಳುತ್ತದೆ.

ನಾವು ಮೈಸೂರಿಗೆ ಮರಳಿ ಬಂದಾಯಿತು. ನೋಟ್‌ಬುಕ್ಕನ್ನು ಮೊಮ್ಮಗನಿಗೇ ಒಪ್ಪಿಸಿ, ಕೊನೆಯ ಸಾಲಿನ ಕೆಳಗೆ ಬ್ಯಾಂಕಿನ ರೂಢಿಯಂತೆ ಸಹಿ ಹಾಕಿ ಬಂದೆ. ಕಳೆದ ಭಾನುವಾರ ಫೋನಿನಲ್ಲಿ ಅವನು ಓದಿ ಹೇಳಿದ: "ತೂಕ 52 ಗ್ರಾಂ. ಬಿಸಿ ಮೂಲೆ 30. ಷರಾ: ತಾತ ಇಲ್ಲ, ಕ್ಲಿಪ್ಪುಗಳನ್ನು ನಾನೇ ಎಣಿಸಿದೆ."